ಕಾಗೆಯ ಮೇಲಿನ ಆರೋಪ

ನಮ್ಮ ಮನೆಯ ಹಿತ್ತಲಿನ ಕಾಂಪೌಂಡಿನ ಮೇಲೆ ಬೆಳಗಿನ ಹೊತ್ತು ಒಂದು ಕಾಗೆ ಬಂದು ಕೂರುತ್ತದೆ. ಅದೇ ಕಾಗೆಯೋ, ದಿನಕ್ಕೊಂದು ಬೇರೆಯದೋ ನನಗೆ ಗೊತ್ತಾಗುವುದಿಲ್ಲ. ನನ್ನ ಮಗಳಿಗೆ ಮಾತ್ರ ಅದು ಒಂದೇ ಕಾಗೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅವಳು ತಟ್ಟೆಯಲ್ಲಿದ್ದ ದೋಸೆಯಿಂದ ಒಂದು ಚೂರು ಮುರಿದುಕೊಂಡು ಹಿತ್ತಲ ಬಾಗಿಲಿಗೆ ಹೋದಳು. ಚೂರನ್ನು ಮೆಟ್ಟಿಲ ಮೇಲಿಟ್ಟು, ಕಾಗೆಯ ಕಡೆ ಕೈ ಚಾಚಿ, "ತಗೋ. ನಂದು ಕೊಡು" ಅಂದಳು. ಕಾಗೆ ದೋಸೆ ಎತ್ತಿಕೊಂಡು ಹಾರಿಹೋಯಿತು. ಅವಳು ಕೈ ಚಾಚಿಕೊಂಡೇ ಸ್ವಲ್ಪ ಹೊತ್ತು ನಿಂತಿದ್ದಳು.

ಅವಳಿಗಾಗ ಎರಡು ವರ್ಷ ಎಂಟು ತಿಂಗಳು. ಅವಳು ಕೇಳುತ್ತಿದ್ದದ್ದು ತನ್ನ ನಿಪ್ಪಲ್ಲನ್ನು. ನಾಲ್ಕು ದಿನಗಳ ಹಿಂದೆ ಅದನ್ನು ಕಾಗೆ ಎತ್ತಿಕೊಂಡು ಹೋಯಿತು ಎಂದು ನಾವು ಅವಳಿಗೆ ಹೇಳಿದ್ದೆವು. ಅದು ನನ್ನ ಬೀರುವಿನಲ್ಲಿ, ಮಡಿಸಿಟ್ಟ ಸೀರೆಗಳ ಕೆಳಗೆ ಇತ್ತು.

ಎರಡೂವರೆ ವರ್ಷದ ಮಗುವಿಗೆ ಹೇಳಿದ ಕಾಗೆಯ ಕಥೆಯನ್ನು ನೀತಿಯ ಪ್ರಶ್ನೆಯಾಗಿ ಎತ್ತಿಕೊಳ್ಳುವುದು ಅತಿಯಾಯಿತು ಎಂದು ಓದುವವರಿಗೆ ಅನ್ನಿಸಬಹುದು. ಆ ಬೆಳಗಿನವರೆಗೆ ನನಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಒಬ್ಬರಿಗೆ ಒಳ್ಳೆಯದಾಗಲಿ ಎಂದು ಅವರಿಗೆ ಸುಳ್ಳು ಹೇಳಬಹುದೇ ಎಂಬ ಪ್ರಶ್ನೆಯನ್ನು ನಾವು ಆಸ್ಪತ್ರೆಯಲ್ಲಿ, ರಾಜಕಾರಣದಲ್ಲಿ, ದಾಂಪತ್ಯದಲ್ಲಿ ಎದುರಿಸುವುದಕ್ಕೆ ಬಹಳ ಮೊದಲೇ ಮನೆಯ ನಡುಮನೆಯಲ್ಲಿ ಎದುರಿಸಿರುತ್ತೇವೆ. ಅಲ್ಲಿ ನಾವು ಯೋಚಿಸದೆ ಉತ್ತರ ಕೊಟ್ಟಿರುತ್ತೇವೆ, ಅಷ್ಟೆ.

ನಿಪ್ಪಲ್ಲು ಎಂದರೆ ಹಾಲಿನ ಬಾಟಲಿಯದಲ್ಲ. ಹಾಲೂ ಬಾರದ, ನೀರೂ ಬಾರದ, ಸುಮ್ಮನೆ ಚೀಪಲೆಂದು ಕೊಡುವ ರಬ್ಬರಿನ ತೊಟ್ಟು. ಬಾಯೊಳಗೆ ಪೂರ್ತಿ ಹೋಗದಂತೆ ಅದಕ್ಕೊಂದು ಪ್ಲಾಸ್ಟಿಕ್ ಬಿಲ್ಲೆ, ಹಿಡಿದೆಳೆಯಲು ಒಂದು ಉಂಗುರ. ವಸ್ತು ಹೊಸದಿರಬಹುದು, ಚೀಪಲು ಏನಾದರೂ ಕೊಡುವ ರೂಢಿ ಹಳೆಯದು. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1506ರಲ್ಲಿ ಬರೆದ ಮೇರಿ ಮತ್ತು ಮಗುವಿನ ಚಿತ್ರವೊಂದರಲ್ಲಿ ಬಾಲ ಯೇಸುವಿನ ಕೈಯಲ್ಲಿ ಬಟ್ಟೆಯ ಒಂದು ಪುಟ್ಟ ಗಂಟಿದೆ. ಒಳಗೆ ಸಿಹಿ ಕಟ್ಟಿ ಆ ಕಾಲದಲ್ಲಿ ಕೂಸುಗಳಿಗೆ ಚೀಪಲು ಕೊಡುತ್ತಿದ್ದ ಗಂಟು ಅದು. ದೇವರ ಮಗನಿಗೂ ಬೇಕಾಗಿದ್ದ ವಸ್ತು ನನ್ನ ಮಗಳಿಗೆ ಬೇಕಾದದ್ದರಲ್ಲಿ ಆಶ್ಚರ್ಯವಿಲ್ಲ.

ಇದರ ಬಗ್ಗೆ ವೈದ್ಯರ ಮಾತೂ ಒಂದೇ ದಿಕ್ಕಿನಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಎದೆಹಾಲಿಗೆ ಬೆಂಬಲವಾಗಿ ಪ್ರಕಟಿಸಿದ ಹತ್ತು ಹೆಜ್ಜೆಗಳಲ್ಲಿ, ಎದೆಹಾಲು ಕುಡಿಯುವ ಕೂಸುಗಳಿಗೆ ನಿಪ್ಪಲ್ಲು ಕೊಡಲೇಬಾರದು ಎಂಬುದೂ ಒಂದಾಗಿತ್ತು. 2018ರಲ್ಲಿ ಅದನ್ನು ಪರಿಷ್ಕರಿಸಿದಾಗ ಕಟ್ಟುನಿಟ್ಟು ಸಡಿಲವಾಗಿ, ಬಳಕೆ ಮತ್ತು ಅಪಾಯಗಳ ಬಗ್ಗೆ ತಾಯಂದಿರಿಗೆ ತಿಳಿವಳಿಕೆ ಕೊಡಿ ಎಂದಾಯಿತು. ಮೊದಲ ವರ್ಷದಲ್ಲಿ ಮಲಗಿಸುವಾಗ ನಿಪ್ಪಲ್ಲು ಕೊಟ್ಟರೆ ನಿದ್ದೆಯಲ್ಲಿ ಆಗುವ ಹಠಾತ್ ಶಿಶುಮರಣದ ಅಪಾಯ ಕಡಿಮೆಯಾಗುತ್ತದೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಅದೇ ನಿಪ್ಪಲ್ಲು ಮುಂದುವರಿದರೆ ಕಿವಿಯ ಸೋಂಕು ಹೆಚ್ಚುತ್ತದೆ, ಮೂರು ವರ್ಷ ದಾಟಿದರೆ ಹಲ್ಲಿನ ಸಾಲು ಕೆಡುತ್ತದೆ. ನಮ್ಮ ಮಗುವನ್ನು ನೋಡಿದ ದಂತವೈದ್ಯರು ಅದನ್ನೇ ತೋರಿಸಿದರು. ಬಾಯಿ ಮುಚ್ಚಿ ಕಚ್ಚಿದಾಗ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳು ಸೇರುತ್ತಿರಲಿಲ್ಲ. ನಡುವೆ ನಿಪ್ಪಲ್ಲಿನ ದಪ್ಪಕ್ಕೆ ಸರಿಯಾಗಿ ಒಂದು ಕಿಂಡಿ. "ಈಗ ಬಿಡಿಸಿದರೆ ಬಹುತೇಕ ತಾನಾಗಿ ಸರಿಹೋಗುತ್ತೆ" ಅಂದರು. ಹಾಗಾಗಿ ಬಿಡಿಸಬೇಕೋ ಬೇಡವೋ ಎಂಬ ಗೊಂದಲ ನನಗಿರಲಿಲ್ಲ. ಹೇಗೆ ಎಂಬುದಷ್ಟೇ ಉಳಿದಿತ್ತು.

ಅದಕ್ಕೆ ಮೊದಲು ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಅಂಗಡಿಯಲ್ಲಿ ಇದಕ್ಕೆ ಪ್ಯಾಸಿಫೈಯರ್ ಎನ್ನುತ್ತಾರೆ, ಶಾಂತಗೊಳಿಸುವಂಥದ್ದು ಎಂದರ್ಥ. ಯಾರ ಶಾಂತಿ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಹಿತವಾಗಿಲ್ಲ. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡಿದಾಗ, ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ರಾಗ ತೆಗೆದಾಗ, ಆಫೀಸಿನ ಫೋನು ಬಂದಾಗ ಅದನ್ನು ಅವಳ ಬಾಯಿಗಿಟ್ಟವಳು ನಾನು. ಅವಳು ಕೇಳದಿದ್ದಾಗಲೂ ಎಷ್ಟೋ ಸಲ ಇಟ್ಟಿದ್ದೇನೆ. ಎರಡು ವರ್ಷ ನನ್ನ ನೆಮ್ಮದಿಗೆ ಕೊಟ್ಟು, ಆಮೇಲೆ ಅವಳ ಒಳ್ಳೆಯದಕ್ಕೆ ಎಂದು ಕಿತ್ತುಕೊಳ್ಳಲು ಹೊರಟಿದ್ದೆ. ಕೊಟ್ಟದ್ದೂ ತೆಗೆದದ್ದೂ ಒಂದೇ ಕೈ. ಕಾಗೆಯ ಕಥೆ ನನಗೆ ಅಷ್ಟು ಅನುಕೂಲವಾಗಿ ಕಂಡದ್ದಕ್ಕೆ ಇದೂ ಕಾರಣವಿದ್ದೀತು.

ಬಿಡಿಸುವ ವಿದ್ಯೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೊಲೆ ಬಿಡಿಸಲು ಬೇವಿನ ಸೊಪ್ಪು ಅರೆದು ಹಚ್ಚಿಕೊಳ್ಳುವುದು ತಲೆಮಾರುಗಳಿಂದ ಬಂದ ಕ್ರಮ. ಬೆರಳು ಚೀಪುವ ಮಕ್ಕಳ ಬೆರಳಿಗೂ ಅದೇ ಬೇವು. ಬೇವನ್ನು ಸುಳ್ಳು ಎನ್ನಲಾಗದು, ಅದು ನಿಜವಾಗಿಯೂ ಕಹಿ. ಆದರೆ ಆ ಕಹಿ ಎಲ್ಲಿಂದ ಬಂತು ಎಂಬುದು ಮಗುವಿಗೆ ಗೊತ್ತಿಲ್ಲ. ಬೆಳಿಗ್ಗೆವರೆಗೆ ಸಿಹಿಯಾಗಿದ್ದ ಅಮ್ಮ ಸಂಜೆಗೆ ಕಹಿಯಾದಳು ಎಂದಷ್ಟೇ ಅದಕ್ಕೆ ತಿಳಿಯುವುದು. ಭಾಗವತದ ಪೂತನಿ ಮೊಲೆಗೆ ವಿಷ ಸವರಿಕೊಂಡು ಕೃಷ್ಣನ ಬಳಿ ಬಂದಳು. ನಮ್ಮ ಅಜ್ಜಿಯರು ಬೇವು ಸವರಿಕೊಂಡರು. ಉದ್ದೇಶದಲ್ಲಿ ಭೂಮಿ ಆಕಾಶದಷ್ಟು ವ್ಯತ್ಯಾಸ, ವಿಧಾನ ಮಾತ್ರ ಆತಂಕ ಹುಟ್ಟಿಸುವಷ್ಟು ಹತ್ತಿರ.

ನಿಪ್ಪಲ್ಲಿನ ತುದಿ ಕತ್ತರಿಸಿ "ನೋಡು, ಹಾಳಾಗೋಯ್ತು" ಎನ್ನುವವರಿದ್ದಾರೆ. ಕತ್ತರಿಸಿದ ರಬ್ಬರು ತುಂಡಾಗಿ ಗಂಟಲಿಗೆ ಹೋಗಬಹುದೆಂಬ ಭಯಕ್ಕೆ ನಾನು ಅದನ್ನು ಬೇಡವೆಂದೆ. ಕೊನೆಗೆ ನನ್ನ ಅಮ್ಮ ದಾರಿ ತೋರಿಸಿದರು. ಒಂದು ಮಧ್ಯಾಹ್ನ ಮಗು ಮಲಗಿದ್ದಾಗ ನಿಪ್ಪಲ್ಲು ಎತ್ತಿ ನನ್ನ ಕೈಗೆ ಕೊಟ್ಟು, ಮಗು ಎದ್ದು ತಡಕಾಡಿದಾಗ, "ಅಯ್ಯೋ, ಕಾಗೆ ಬಂದು ಎತ್ಕೊಂಡು ಹೋಯ್ತಲ್ಲೋ ಪುಟ್ಟಿ! ಅದರ ಮರಿಗೆ ಬೇಕಂತೆ" ಅಂದರು. ಮಗು ನನ್ನ ಮುಖ ನೋಡಿತು. ನಾನು ಹೂಂ ಅಂದೆ.

ಆ ರಾತ್ರಿ ಒಂದು ಗಂಟೆ ಅಳು. ಮಾರನೆಯ ರಾತ್ರಿ ಅರ್ಧ ಗಂಟೆ. ಮೂರನೆಯ ರಾತ್ರಿ ನನ್ನ ಕಿವಿಯ ಹಾಲೆ ಹಿಡಿದುಕೊಂಡು ಮುಲುಗುತ್ತಾ ಮಲಗಿಬಿಟ್ಟಳು. ಉಪಾಯ ಫಲಿಸಿತ್ತು. ನಾಲ್ಕನೆಯ ಬೆಳಿಗ್ಗೆ ಅವಳು ಕಾಗೆಗೆ ದೋಸೆ ಇಟ್ಟಳು.

ನನ್ನ ಕಸಿವಿಸಿಯನ್ನು ಹೇಳಿಕೊಂಡಾಗ ಅಮ್ಮ ನಕ್ಕರು. "ನಿನಗೂ ಹೀಗೇ ಹೇಳಿ ಬಿಡಿಸಿದ್ದು ಕಣೇ. ನಿನಗೇನಾಯ್ತೀಗ?" ಈ ವಾದವನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆ ವಯಸ್ಸಿನ ಮಗುವಿಗೆ ದವಡೆ, ಹಲ್ಲು, ಮುಂದಿನ ವರ್ಷ ಎಂಬುದೆಲ್ಲ ಅರ್ಥವಾಗದು. ಅರ್ಥವಾಗದ ನಿಜಕ್ಕಿಂತ ಅರ್ಥವಾಗುವ ಸುಳ್ಳು ದಯೆಯದಲ್ಲವೇ? ಕಾಗೆ ಎಂದರೆ ಅವಳಿಗೆ ಗೊತ್ತು, ಮರಿ ಎಂದರೆ ಗೊತ್ತು, ಎತ್ತಿಕೊಂಡು ಹೋಗುವುದು ಗೊತ್ತು. ಅಮ್ಮ ಅವಳ ಭಾಷೆಯಲ್ಲಿ ಮಾತಾಡಿದ್ದರು. ಪ್ಲೇಟೋ ತನ್ನ 'ರಿಪಬ್ಲಿಕ್'ನಲ್ಲಿ ಸುಳ್ಳನ್ನು ಔಷಧಕ್ಕೆ ಹೋಲಿಸುತ್ತಾನೆ. ಅದು ಎಲ್ಲರ ಕೈಗೆ ಸಿಗಬಾರದು, ವೈದ್ಯರಂಥವರ ಕೈಯಲ್ಲಿರಬೇಕು ಎನ್ನುತ್ತಾನೆ. ಅವನ ವೈದ್ಯರು ನಗರವನ್ನು ಆಳುವವರು. ನಮ್ಮ ಮನೆಯಲ್ಲಿ ಆ ಅಧಿಕಾರ ಅಜ್ಜಿಯದು.

ಮಹಾಭಾರತದ ಆದಿಪರ್ವದಲ್ಲಿ ಶರ್ಮಿಷ್ಠೆ ಯಯಾತಿಯನ್ನು ಒಲಿಸಿಕೊಳ್ಳುವಾಗ, ಸುಳ್ಳು ಹೇಳಿದರೂ ದೋಷವಿಲ್ಲದ ಐದು ಸಂದರ್ಭಗಳನ್ನು ಎಣಿಸುತ್ತಾಳೆ. ತಮಾಷೆಯಲ್ಲಿ, ಹೆಂಗಸರೊಡನೆ, ಮದುವೆಯ ವಿಷಯದಲ್ಲಿ, ಪ್ರಾಣಕ್ಕೆ ಕುತ್ತು ಬಂದಾಗ, ಸರ್ವಸ್ವವೂ ಹೋಗುವ ಹೊತ್ತಿನಲ್ಲಿ. ಈ ಪಟ್ಟಿಯನ್ನು ಯಾರು ಯಾರ ಅನುಕೂಲಕ್ಕೆ ಮಾಡಿದರು ಎಂಬುದು ಬೇರೆ ಮಾತು. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು. ಇಷ್ಟೊಂದು ಧಾರಾಳವಾದ ಪಟ್ಟಿಯಲ್ಲಿಯೂ ಮಕ್ಕಳಿಲ್ಲ. ಮಕ್ಕಳಿಗೆ ಹೇಳುವ ಸುಳ್ಳಿಗೆ ವಿನಾಯಿತಿ ಬೇಕೆಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಅದು ಲೆಕ್ಕಕ್ಕೇ ಬಾರದಷ್ಟು ಸಹಜ.

ಇತ್ತ ಕಾಂಟ್ ಇದ್ದಾನೆ. ಸ್ನೇಹಿತನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಅವನೆಲ್ಲಿ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಿಮಗಿಲ್ಲ ಎಂದು 1797ರಲ್ಲಿ ಬರೆದವನು. ಅವನ ಮುಂದೆ ನನ್ನ ಕಾಗೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಆದರೆ ಕಾಂಟ್ ಹೇಳುವ ಕಾರಣ ನನ್ನ ಕಸಿವಿಸಿಗೆ ಹೊಂದುತ್ತಿರಲಿಲ್ಲ. ಸುಳ್ಳು ಹೇಳಿದರೆ ಮನುಷ್ಯರ ಮಾತಿನ ಮೇಲಿನ ನಂಬಿಕೆಯ ಬುಡವೇ ಅಲ್ಲಾಡುತ್ತದೆ ಎಂಬುದು ಅವನ ಚಿಂತೆ. ಮೆಟ್ಟಿಲ ಮೇಲೆ ಕೈ ಚಾಚಿ ನಿಂತ ಮಗುವನ್ನು ನೋಡಿದಾಗ ನನಗೆ ಮನುಷ್ಯಕುಲದ ನೆನಪಾಗಲಿಲ್ಲ. ಆ ಮಗು ತಪ್ಪು ವಿಳಾಸಕ್ಕೆ ಅರ್ಜಿ ಹಾಕುತ್ತಿದೆ ಎಂದು ಅನ್ನಿಸಿತು.

ಯೋಚಿಸುತ್ತಾ ಹೋದಂತೆ ವಿಷಯ ಅಲ್ಲೇ ಇದೆ ಎಂದು ತೋರಿತು. ಅವಳ ಪಾಲಿಗೆ ನಡೆದದ್ದು ದೊಡ್ಡ ನಷ್ಟ. ನಷ್ಟವಾದಾಗ ಮನುಷ್ಯರು ಅಳುತ್ತಾರೆ, ಸಿಟ್ಟಾಗುತ್ತಾರೆ, ಜಗಳ ಮಾಡುತ್ತಾರೆ, ಚೌಕಾಸಿ ಮಾಡುತ್ತಾರೆ. ಇವನ್ನೆಲ್ಲ ಅವಳೂ ಮಾಡಲು ಸಿದ್ಧಳಿದ್ದಳು. ದೋಸೆ ಕೊಟ್ಟು ನಿಪ್ಪಲ್ಲು ಬಿಡಿಸಿಕೊಳ್ಳುವ ಲೆಕ್ಕಾಚಾರ ಎರಡೂವರೆ ವರ್ಷದ ಬುದ್ಧಿಗೆ ಸಣ್ಣದಲ್ಲ. ಆದರೆ ಯಾರ ಜೊತೆ ಜಗಳವಾಡಬೇಕಿತ್ತೋ, ಯಾರ ಜೊತೆ ಚೌಕಾಸಿ ಮಾಡಬೇಕಿತ್ತೋ ಆ ವ್ಯಕ್ತಿ ಪಕ್ಕದಲ್ಲೇ ನಿಂತು, ತನಗೂ ಬೇಸರವಾಗಿದೆ ಎನ್ನುವ ಮುಖ ಮಾಡಿಕೊಂಡು ತಲೆ ಸವರುತ್ತಿದ್ದಳು. ಸುಳ್ಳಿನಿಂದ ಅವಳಿಗೆ ನಿಪ್ಪಲ್ಲಿನ ಜೊತೆ ಇನ್ನೂ ಒಂದು ಹೋಗಿತ್ತು, ಸಿಟ್ಟಾಗಲು ಇದ್ದ ಒಬ್ಬ ಮನುಷ್ಯಳು. ನನಗೆ ಮಾತ್ರ ಸುಳ್ಳಿನಿಂದ ಲಾಭವೇ. ಕಿತ್ತುಕೊಂಡವಳಾಗಿಯೂ ನಾನು ಸಮಾಧಾನ ಹೇಳುವವಳ ಜಾಗದಲ್ಲಿ ಕುಳಿತಿದ್ದೆ.

ದೊಡ್ಡವರ ಲೋಕದಲ್ಲಿ ಇದರ ಪರಿಚಯ ನಮಗೆಲ್ಲ ಇದೆ. ಮೇಲಿನವರ ಆದೇಶ, ಸಾಫ್ಟ್‌ವೇರ್ ಒಪ್ಪುತ್ತಿಲ್ಲ, ನಿಯಮವೇ ಹಾಗಿದೆ, ನನ್ನ ಕೈಯಲ್ಲೇನೂ ಇಲ್ಲ ಎನ್ನುವ ಕೌಂಟರಿನ ಮಾತುಗಳು. ಕೆಲವೊಮ್ಮೆ ಅವು ನಿಜ. ಬಹಳ ಸಲ ಅಲ್ಲೊಬ್ಬ ಕಾಗೆಯನ್ನು ಕೂರಿಸಿರುತ್ತಾರೆ. ನಮ್ಮ ಸಿಟ್ಟು ಯಾರಿಗೂ ತಲುಪದೆ ನಮ್ಮೊಳಗೇ ಉಳಿಯುತ್ತದೆ. ಅಂಥ ಕಡೆಯಿಂದ ಹೊರಬಂದಾಗ ಆಗುವ ಅವಮಾನಕ್ಕೆ ಕಾರಣ ಕೆಲಸ ಆಗದಿದ್ದದ್ದು ಮಾತ್ರವಲ್ಲ. "ನಾನು ಇದನ್ನು ಮಾಡುವುದಿಲ್ಲ" ಎಂದು ನಮ್ಮ ಮುಖ ನೋಡಿ ಹೇಳುವ ಒಬ್ಬರೂ ಅಲ್ಲಿ ಇರಲಿಲ್ಲ ಎಂಬುದೂ ನೋಯಿಸುತ್ತದೆ.

ಕನ್ನಡದ ಮಕ್ಕಳೆಲ್ಲ ಪಾಠದಲ್ಲೋ ಅಜ್ಜಿಯ ಬಾಯಲ್ಲೋ ಕೇಳಿದ ಗೋವಿನ ಹಾಡು ಆ ದಿನಗಳಲ್ಲಿ ಬೇರೆ ರೀತಿಯಲ್ಲಿ ನೆನಪಾಯಿತು. ಪುಣ್ಯಕೋಟಿಯ ಸತ್ಯ ಎಂದಾಗ ನಾವು ಯಾವಾಗಲೂ ಹೇಳುವುದು ಅದು ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡದ್ದರ ಬಗ್ಗೆ. ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ಪಡೆದಿದ್ದೇವೆ. ಹಾಡಿನ ನಡುವೆ ಇರುವ ದೊಡ್ಡಿಯ ಭಾಗವನ್ನು ನಾನು ಗಮನಿಸಿರಲಿಲ್ಲ. ಅರ್ಬುತನೆಂಬ ಹುಲಿಯಿಂದ ಗಡುವು ಪಡೆದು ಹಸು ದೊಡ್ಡಿಗೆ ಬರುತ್ತದೆ. ಬಂದದ್ದು ಕರುವಿಗೆ ಕೊನೆಯ ಸಲ ಹಾಲು ಕೊಡಲು. ಹಾಗೆ ನೋಡಿದರೆ ಇದು ಮೊಲೆ ಬಿಡಿಸುವ ಹಾಡು ಕೂಡ. ಹಸು ಬೇಕಿದ್ದರೆ ಹಾಲು ಕುಡಿಸಿ, ಕರು ಮಲಗಿದ ಮೇಲೆ ಸದ್ದಿಲ್ಲದೆ ಹೊರಟುಬಿಡಬಹುದಿತ್ತು. ಮೇಯಲು ಹೋಗಿ ಬರುತ್ತೇನೆ ಎನ್ನಬಹುದಿತ್ತು. ಪುಟ್ಟ ಕರು, ನಂಬುತ್ತಿತ್ತು. ಹಸು ಹಾಗೆ ಮಾಡುವುದಿಲ್ಲ. ಹುಲಿಯ ಬಳಿಗೆ ಹೋಗುತ್ತಿದ್ದೇನೆ ಎಂದು ಕರುವಿಗೇ ಹೇಳುತ್ತದೆ.

ಹೇಳಿದ್ದರಿಂದ ಏನಾಗುತ್ತದೆ? ಕರುವಿನ ದುಃಖವೇನೂ ಕಡಿಮೆಯಾಗುವುದಿಲ್ಲ. ಅದು ಗೋಳಿಡುತ್ತದೆ, ಇನ್ನು ತನಗೆ ಯಾರು ದಿಕ್ಕು ಎಂದು ಕೇಳುತ್ತದೆ, ಹೋಗಬೇಡ ಇಲ್ಲೇ ಇರು ಎನ್ನುತ್ತದೆ. ತಾಯಿ ಒಪ್ಪುವುದಿಲ್ಲ. ಕರು ಸೋಲುತ್ತದೆ. ಆದರೆ ಸೋಲುವುದಕ್ಕೆ ಮೊದಲು ವಾದ ಮಾಡುವ ಅವಕಾಶ ಅದಕ್ಕೆ ಸಿಗುತ್ತದೆ, ಅದೂ ತಾಯಿಯ ಎದುರಿನಲ್ಲಿ. ಆಮೇಲೆ ತಾಯಿ ಇನ್ನೊಂದು ಕೆಲಸ ಮಾಡುತ್ತದೆ. ಜೊತೆಯ ಹಸುಗಳನ್ನು ಕರೆದು, ಈ ಕರುವನ್ನು ನಿಮ್ಮದೆಂದೇ ನೋಡಿಕೊಳ್ಳಿ ಎಂದು ಒಪ್ಪಿಸುತ್ತದೆ. ನಿಜ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಹಾಡು ಕಟ್ಟಿದವರಿಗೆ ಮಕ್ಕಳ ವಿಷಯ ಚೆನ್ನಾಗಿ ತಿಳಿದಿತ್ತು ಎಂದು ನನಗನ್ನಿಸುತ್ತದೆ. ಹುಲಿಗೆ ನಿಜ ಹೇಳುವುದಕ್ಕಿಂತ ಕರುವಿಗೆ ನಿಜ ಹೇಳುವುದು ಕಷ್ಟದ ಕೆಲಸ. ಹುಲಿ ಅಳುವುದಿಲ್ಲವಲ್ಲ. ಕೊನೆಯಲ್ಲಿ ಅದೂ ಕರಗುತ್ತದೆ, ಆ ಮಾತು ಬೇರೆ.

ಹಾಗಾದರೆ ಮಕ್ಕಳಿಗೆ ಕಥೆಯನ್ನೇ ಹೇಳಬಾರದೇ, ಎಲ್ಲವನ್ನೂ ವೈದ್ಯರ ಚೀಟಿಯ ಭಾಷೆಯಲ್ಲಿ ಹೇಳಬೇಕೇ ಎಂದು ಕೇಳಬಹುದು. ಹಾಗಲ್ಲ. ಕಥೆಗೂ ಸುಳ್ಳಿಗೂ ನಡುವೆ ಗೆರೆಯೊಂದಿದೆ, ಆ ಗೆರೆ ಮಕ್ಕಳಿಗೂ ಗೊತ್ತಾಗುತ್ತದೆ. ಗುಮ್ಮನನ್ನು ಕರೆಯಬೇಡವೆಂದು ಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆ ಕೇಳಿ ನಾವು ಹಿಗ್ಗುತ್ತೇವೆ. ಲೋಕವನ್ನೇ ಹೊತ್ತವನಿಗೆ ಗುಮ್ಮ ಇಲ್ಲವೆಂದು ಗೊತ್ತಿರಲೇಬೇಕು. ಗೊತ್ತಿದ್ದೂ ಅವನು ಹೆದರಿದಂತೆ ಆಡುತ್ತಿದ್ದಾನೆ, ಯಶೋದೆಯನ್ನು ಗೆಲ್ಲಲು ಬಿಡುತ್ತಿದ್ದಾನೆ. ಚಂದ್ರ ಬೇಕೆಂದು ಹಟ ಹಿಡಿದ ಬಾಲ ರಾಮನಿಗೆ ಕನ್ನಡಿ ಕೊಟ್ಟು ಅದರಲ್ಲಿ ಚಂದ್ರನನ್ನು ತೋರಿಸಿದ ಕಥೆಯೂ ಹಾಗೇ. ಚಂದ್ರ ಮೇಲೆ ಇದ್ದಲ್ಲೇ ಇದ್ದಾನೆ, ತಲೆಯೆತ್ತಿದರೆ ಕಾಣುತ್ತಾನೆ. ಅಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಇಬ್ಬರೂ ಸೇರಿ ಆಡುವ ಆಟ ಅದು. ಶರ್ಮಿಷ್ಠೆಯ ಪಟ್ಟಿಯಲ್ಲಿ ತಮಾಷೆಗೆ ಜಾಗ ಸಿಕ್ಕಿದ್ದು ಇದಕ್ಕೇ ಇರಬೇಕು. ನಮ್ಮ ಕಾಗೆಯ ಆಟದಲ್ಲಿ ಮಾತ್ರ ಒಬ್ಬಳಿಗೆ ಅದು ಆಟವೆಂದೇ ತಿಳಿದಿರಲಿಲ್ಲ.

ಡೆನ್ಮಾರ್ಕಿನಲ್ಲಿ, ಕೋಪನ್‌ಹೇಗನ್ ನಗರ ಸುತ್ತುವರಿದಿರುವ ಫ್ರೆಡರಿಕ್ಸ್‌ಬರ್ಗ್‌ನ ಉದ್ಯಾನದಲ್ಲಿ ನಿಪ್ಪಲ್ಲುಗಳ ಮರವೊಂದಿದೆ. ನಿಪ್ಪಲ್ಲು ಬಿಡುವ ವಯಸ್ಸಿನ ಮಕ್ಕಳನ್ನು ಅಪ್ಪ ಅಮ್ಮ ಅಲ್ಲಿಗೆ ಕರೆದೊಯ್ಯುತ್ತಾರೆ. ಬಣ್ಣದ ರಿಬ್ಬನ್ನಿನಲ್ಲಿ ಕಟ್ಟಿದ ನಿಪ್ಪಲ್ಲನ್ನು ಕೊಂಬೆಗೆ ತೂಗುಹಾಕುತ್ತಾರೆ. ಕೆಲವರು ಅದರ ಜೊತೆ ಮರಕ್ಕೆ ಒಂದು ಕಾಗದವನ್ನೂ ಬರೆದಿಡುತ್ತಾರೆ. ನಮ್ಮಲ್ಲಿ ಹರಕೆ ಹೊತ್ತು ಮರಕ್ಕೆ ತೊಟ್ಟಿಲು ಕಟ್ಟುವುದನ್ನು ನೋಡಿದವರಿಗೆ ಆ ದೃಶ್ಯ ಅಪರಿಚಿತವೆನಿಸದು. ಮರ ನಿಪ್ಪಲ್ಲನ್ನು ಕಾಪಾಡುತ್ತದೆ ಎಂಬುದೂ ಕಥೆಯೇ. ಆದರೆ ಕಟ್ಟುವುದು ಮಗುವಿನ ಕಣ್ಣೆದುರಿಗೆ, ಎಷ್ಟೋ ಸಲ ಅದರದೇ ಕೈಯಿಂದ. ಮತ್ತೆ ಬಂದು ನೋಡಬಹುದು, ತೋರಿಸಿ ಅಳಬಹುದು. ಅಲ್ಲಿ ಯಾರೂ ಕಳ್ಳರಲ್ಲ.

ಬ್ರಿಟನ್ನಿನ ಮಕ್ಕಳ ವೈದ್ಯ ಮತ್ತು ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್, ಪುಟ್ಟ ಮಕ್ಕಳು ಬಿಡದೆ ಹಿಡಿದುಕೊಳ್ಳುವ ಕಂಬಳಿಯ ಚೂರು, ಗೊಂಬೆಯಂಥ ವಸ್ತುಗಳ ಬಗ್ಗೆ 1951ರಲ್ಲಿ ಒಂದು ಪ್ರಬಂಧ ಮಂಡಿಸಿದ. ತಾಯಿಯೂ ಅಲ್ಲದ, ಮಗುವೂ ಅಲ್ಲದ, ನಡುವಿನ ಒಂದು ಜಾಗದಲ್ಲಿ ಆ ವಸ್ತುಗಳಿರುತ್ತವೆ ಎಂಬುದು ಅವನ ಮಾತು. ಅವುಗಳ ಕೊನೆಯ ಬಗ್ಗೆ ಅವನು ಹೇಳುವುದು ನನಗೆ ಮುಖ್ಯವಾಗಿ ಕಂಡಿತು. ತಾನಾಗಿ ಬಿಡುವ ಮಗು ಆ ವಸ್ತುವನ್ನು ಮರೆಯುವುದೂ ಇಲ್ಲ, ಅದಕ್ಕಾಗಿ ಶೋಕಿಸುವುದೂ ಇಲ್ಲ. ವಸ್ತುವಿನ ಅರ್ಥ ನಿಧಾನವಾಗಿ ಇಳಿದುಹೋಗುತ್ತದೆ. ನಮಗೆ ಅಷ್ಟು ಕಾಯಲು ಆಗಿರಲಿಲ್ಲ, ಹಲ್ಲು ಕಾಯುವಂತಿರಲಿಲ್ಲ. ಅವಸರದಲ್ಲಿ ಕಿತ್ತುಕೊಳ್ಳಬೇಕಾಗಿ ಬಂದಾಗ ಶೋಕ ಇದ್ದೇ ಇರುತ್ತದೆ. ಶೋಕವನ್ನು ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ನಿಜವಾದ ಕಾರಣ ಕೊಡುವುದು ನಮ್ಮ ಕೈಯಲ್ಲಿದೆ.

ಆ ಸಂಜೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. "ಕಾಗೆ ತಗೊಂಡು ಹೋಗ್ಲಿಲ್ಲ ಕಂದ. ನಾನೇ ಎತ್ತಿಟ್ಟೆ."

"ಕಾಗೆ?" ಅಂದಳು.

"ಕಾಗೆ ಏನೂ ಮಾಡಿಲ್ಲ, ಪಾಪ. ಅಮ್ಮನೇ ತಗೊಂಡಿದ್ದು."

ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ, "ಕೊಡು."

"ಕೊಡಲ್ಲ. ಅದನ್ನ ಚೀಪಿ ಚೀಪಿ ನಿನ್ನ ಹಲ್ಲಿಗೆ ತೊಂದರೆ ಆಗ್ತಿದೆ. ಅದಕ್ಕೇ ಕೊಡಲ್ಲ."

"ಕೊಡು!"

ಕೊಡಲಿಲ್ಲ. ಅವಳು ನನ್ನ ಕೆನ್ನೆಗೆ ಬಾರಿಸಿದಳು. ಕೆಳಗಿಳಿದು ನೆಲಕ್ಕೆ ಬಿದ್ದು ಹೊರಳಾಡಿದಳು. ಮೂರನೆಯ ರಾತ್ರಿಗೆ ಇಳಿದಿದ್ದ ಅಳು ಮೊದಲನೆಯ ರಾತ್ರಿಗಿಂತ ಜೋರಾಗಿ ಬಂತು. ಒಳಗಿನಿಂದ ಅಮ್ಮ, "ಆರಿದ್ದ ಗಾಯ ಯಾಕೆ ಕೆರೆದೆ ನೀನು?" ಎಂದು ಗದರಿದರು. ನನ್ನ ಬಳಿ ಉತ್ತರವಿರಲಿಲ್ಲ. ಅಳುವ ಮಗುವಿನ ಪಕ್ಕ ನೆಲದ ಮೇಲೆ ಕುಳಿತಿದ್ದೆ. ಎತ್ತಿಕೊಳ್ಳಲು ಹೋದರೆ ಒದೆಯುತ್ತಿದ್ದಳು. ಸುಮಾರು ಹೊತ್ತಾದ ಮೇಲೆ ತಾನೇ ಬಂದು ಮಡಿಲಲ್ಲಿ ಮಲಗಿದಳು. ಯಾರು ಕಿತ್ತುಕೊಂಡಿದ್ದರೋ ಅವರ ಮಡಿಲೇ, ಬೇರೆ ಮಡಿಲು ಇರಲಿಲ್ಲವಲ್ಲ.

ಅಮ್ಮನ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಕಾಗೆಯ ಕಥೆಯಿಂದ ಮಗು ಇನ್ನು ಎರಡು ದಿನದಲ್ಲಿ ಪೂರ್ತಿ ಸುಮ್ಮನಾಗುತ್ತಿತ್ತು. ನಾನು ನಿಜ ಹೇಳಿದ್ದರಿಂದ ಮತ್ತೆ ಮೂರು ರಾತ್ರಿ ಅತ್ತಳು. ನಿಜ ಹೇಳಿದ್ದು ಅವಳಿಗಾಗಿಯೋ, ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವುದಕ್ಕೋ? ಎರಡೂ ಇತ್ತು ಎಂದೇ ಹೇಳಬೇಕು. ಸತ್ಯ ಹೇಳಿದವರ ಮುಖದಲ್ಲಿ ಬರುವ ಒಂದು ಬಗೆಯ ತೃಪ್ತಿಯ ಬಗ್ಗೆ ನನಗೆ ಅನುಮಾನವಿದೆ. ಕರುವಿಗೆ ನಿಜ ಹೇಳಿದ ಹಸು ಬೆಲೆ ತೆತ್ತಿತ್ತು, ಹೇಳಿ ಹುಲಿಯ ಬಾಯಿಗೆ ನಡೆದಿತ್ತು. ನಾನು ತೆತ್ತದ್ದು ಒಂದು ಪುಟ್ಟ ಕೈಯ ಏಟು, ಮೂರು ರಾತ್ರಿಯ ನಿದ್ದೆ. ಇಷ್ಟಕ್ಕೆ ಹೆಮ್ಮೆ ಪಡಲು ಏನೂ ಇಲ್ಲ.

ಅಮ್ಮನನ್ನು ತಪ್ಪಿತಸ್ಥಳ ಜಾಗದಲ್ಲಿ ನಿಲ್ಲಿಸಲೂ ನನಗೆ ಮನಸ್ಸಿಲ್ಲ. ಅವರ ಕಾಲದಲ್ಲಿ ಒಂದು ಕೂಸಿಗೆ ಹಾಲು ಬಿಡಿಸುವಾಗ ಇನ್ನೊಂದು ಹೊಟ್ಟೆಯಲ್ಲಿರುತ್ತಿತ್ತು. ಹಿತ್ತಲಿನಲ್ಲಿ ಒಗೆಯುವ ಬಟ್ಟೆ, ಒಲೆಯ ಮೇಲೆ ಹತ್ತು ಜನರ ಅಡುಗೆ. ನೆಲದ ಮೇಲೆ ಮಗುವಿನ ಪಕ್ಕ ಅರ್ಧ ಗಂಟೆ ಕುಳಿತು ಅದರ ಸಿಟ್ಟಿಗೆ ಮೈ ಒಡ್ಡುವ ಬಿಡುವು ಅವರಿಗೆ ಇರಲಿಲ್ಲ. ಬೇವು, ಗುಮ್ಮ, ಕಾಗೆ ಇವೆಲ್ಲ ಬಿಡುವಿಲ್ಲದ ಹೆಂಗಸರ ಸಹಾಯಕ್ಕೆ ಬಂದವು. ನಿಜ ಹೇಳಲು ಧೈರ್ಯ ಮಾತ್ರ ಸಾಲದು, ಹೇಳಿದ ಮೇಲೆ ಅಲ್ಲೇ ಕೂರುವುದಕ್ಕೆ ಸಮಯವೂ ಬೇಕು. ನನಗೆ ಆ ಸಮಯವಿತ್ತು. ಆದ್ದರಿಂದ ನನಗೆ ಸುಳ್ಳಿನ ನೆಪವಿರಲಿಲ್ಲ. ಮಕ್ಕಳಿಗೆ ಯಾರೂ ಎಂದೂ ಸುಳ್ಳು ಹೇಳಬಾರದು ಎಂಬ ಕಾಂಟನ ಮಾತಿನಂಥ ಮಾತು ನನ್ನ ಬಾಯಿಂದ ಬರುವುದಿಲ್ಲ. ಮಗುವಿನಿಂದ ಏನನ್ನಾದರೂ ಕಿತ್ತುಕೊಳ್ಳಬೇಕಾದಾಗ ಕಿತ್ತುಕೊಂಡವರು ತಾವೇ ಎಂದು ಎದುರಿಗೆ ನಿಲ್ಲಬೇಕು ಎಂಬಷ್ಟನ್ನು ಮಾತ್ರ ಹೇಳಬಲ್ಲೆ.

ಮುಂದಿನ ಒಂದು ವಾರ ಮನೆಗೆ ಬಂದವರಿಗೆಲ್ಲ ಅವಳು ದೂರು ಹೇಳಿದಳು. ಹಾಲಿನವರಿಗೆ, ಪಕ್ಕದ ಮನೆಯ ಆಂಟಿಗೆ, ಫೋನಿನಲ್ಲಿ ಅವಳ ದೊಡ್ಡಪ್ಪನಿಗೆ. "ಅಮ್ಮ ತಗೊಂಬಿಟ್ಲು. ಬೀರುಲಿ ಇದೆ." ಬೀರು ಎಂದು ನಾನು ಹೇಳಿರಲಿಲ್ಲ, ಎಲ್ಲಿಂದಲೋ ಕಂಡುಕೊಂಡಿದ್ದಳು. ನಾನು ಪಕ್ಕದಲ್ಲಿ ನಿಂತು ಹೌದು ಎನ್ನುತ್ತಿದ್ದೆ. ದೂರು ಹೇಳುತ್ತಾ ಹೇಳುತ್ತಾ ಅವಳ ದನಿಯಿಂದ ಅಳು ಹೋಗಿ ಒಂದು ಬಗೆಯ ಗತ್ತು ಬಂತು. ಆಮೇಲೆ ಅದೂ ಹೋಯಿತು. ಈಗ ಅವಳಿಗೆ ಮೂರೂವರೆ. ಹಲ್ಲಿನ ಕಿಂಡಿ ಕಿರಿದಾಗುತ್ತಿದೆ. ಮೊನ್ನೆ ಬೀರು ಒಪ್ಪಮಾಡುವಾಗ ನಿಪ್ಪಲ್ಲು ಸಿಕ್ಕಿತು, ಅವಳ ಕೈಗೇ ಕೊಟ್ಟೆ. ತಿರುಗಿಸಿ ನೋಡಿ, ಗೊಂಬೆಯ ಬಾಯಿಗಿಟ್ಟು, ಗೊಂಬೆಯನ್ನು ಅಲ್ಲೇ ಬಿಟ್ಟು ಹೊರಗೆ ಓಡಿದಳು.

ಕಾಗೆ ಈಗಲೂ ಬರುತ್ತದೆ. ದೋಸೆಯ ದಿನ ಅವಳು ಈಗಲೂ ಒಂದು ಚೂರು ಒಯ್ದು ಮೆಟ್ಟಿಲ ಮೇಲಿಡುತ್ತಾಳೆ. ಕೈ ಮಾತ್ರ ಚಾಚುವುದಿಲ್ಲ.